ಮೂಗು ಮುಚ್ಚಿಕೊಳ್ಳದ ಹುಡುಗಿ

"ಏನು, ನೀನು ಮೂಗು ಮುಚ್ಕೊಳ್ಳಲ್ವಾ?"

ಬಟ್ಟಂಬಾಂಗ್ ಪೇಟೆಯಲ್ಲಿ ಹುದುಗಿಸಿದ ಮೀನು ಮಾರುವ ವಿಬೋಲ್ ಹಾಗೆ ಕೇಳಿದಾಗ ದಾವಿ ಸುಮ್ಮನೆ ತಲೆ ಅಲ್ಲಾಡಿಸಿದಳು. ಅವನ ಪಕ್ಕ ಸುಳಿದ ಹುಡುಗಿಯರೆಲ್ಲ ಮುಖ ಸಿಂಡರಿಸುತ್ತಿದ್ದರು. ಇವಳೊಬ್ಬಳು ಮಾತ್ರ ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು ನಕ್ಕಿದ್ದಳು! ಪಾಪ, ಅಷ್ಟಕ್ಕೇ ಅವನು ಸೋತುಹೋದ.

ದಾವಿಯ ಗುಟ್ಟು ದಾವಿಗೇ ಗೊತ್ತು. ಅವಳ ಮೂಗಿನೊಳಗೆ ದುರ್ಮಾಂಸ ಬೆಳೆದಿತ್ತು. ಆಪರೇಷನ್ ಮಾಡಿ ತೆಗೆಸಿದರೂ ಮತ್ತೆ ಬಂತು. ಹಣೆ, ಕೆನ್ನೆ ಸದಾ ಭಾರ. ಮಲಗಿದರೆ ಬಾಯಲ್ಲೇ ಉಸಿರು, ಸಾಲದ್ದಕ್ಕೆ ಉಬ್ಬಸ ಬೇರೆ. ಅವಳಿಗೆ ಮಲ್ಲಿಗೆಯೂ ಒಂದೇ, ಕೊಳೆತ ಮೀನೂ ಒಂದೇ.

'ನಾನು ದೊಡ್ಡ ಮನಸ್ಸಿನವಳು ಅಂದ್ಕೊಂಡಿದ್ದಾರೆ... ನಿಜ ಗೊತ್ತಾದ್ರೆ?'

ಅಯ್ಯೋ ಹುಡುಗೀ, ಅವತ್ತೇ ಬಾಯಿಬಿಟ್ಟು ಹೇಳಬಾರದಿತ್ತಾ! ಹೇಳಲಿಲ್ಲ. ದಿನಾ ಅಂಗಡಿಗೆ ಹೋದಳು, ಅಲ್ಲಿಯ ಹುಡುಗಿಯರು ಒಲಿದವನನ್ನು ಕರೆಯುವ ಹಾಗೆ 'ಬೋಂಗ್' ಅಂತ ಬಾಯಿತುಂಬ ಕರೆದಳು.

ಒಂದು ಸಂಜೆ ಹೊಳೆ ದಂಡೆಯಲ್ಲಿ ವಿಬೋಲ್ ತನ್ನ ಕೆನ್ನೆಯನ್ನು ಅವಳತ್ತ ತಿರುಗಿಸಿ ಕಾದ. ಆ ಸೀಮೆಯಲ್ಲಿ ಪ್ರೀತಿಸಿದವರು ಕೆನ್ನೆಗೆ ಮೂಗೊತ್ತಿ, ಆಳವಾಗಿ ಉಸಿರೆಳೆದುಕೊಂಡೇ ಮುತ್ತು ಕೊಡುವುದು. ದಾವಿ ಬಾಗಿದಳು. ಒಂದು ಚೂರು ಗಾಳಿಯೂ ಮೂಗಿನೊಳಗೆ ಹೋಗಲಿಲ್ಲ. ಗಂಟಲಲ್ಲಿ ಗೊರಗೊರ ಸದ್ದು ಬೇರೆ! ನಾಚಿಕೆಯಿಂದ ಮುಖ ತಿರುಗಿಸಿಬಿಟ್ಟಳು.

ವಿಬೋಲ್ ಮುಖ ಕಪ್ಪಿಟ್ಟಿತು.

"ನಿಂಗೂ ನಾನು ನಾರ್ತೀನಿ... ಅಲ್ವಾ?"

"ಹಾಗಲ್ಲ ಬೋಂಗ್..."

"ಸಾಕು ಬಿಡು! ನಿಂಬೆಹಣ್ಣು ಹಾಕಿ ಉಜ್ಜಿದ್ರೂ ಹೋಗಲ್ಲ ಇದು. ಗಡಿ ಆಚೆ ಕೆಲಸಕ್ಕೆ ಕರೀತಿದಾರೆ, ನಾಳೇನೇ ಹೋಗ್ತೀನಿ."

ದಾವಿ ಮನೆಗೆ ಬಂದು ಅತ್ತಳು. ಅತ್ತರೆ ಉಸಿರೇ ಕಟ್ಟುತ್ತಿತ್ತು. ಮನಸಾರೆ ಅಳುವ ಭಾಗ್ಯವೂ ಅವಳಿಗಿರಲಿಲ್ಲ ನೋಡಿ.

ಬೆಳಗ್ಗೆ ಏದುಸಿರು ಬಿಡುತ್ತಾ ವ್ಯಾನ್ ನಿಲ್ಲುವಲ್ಲಿಗೆ ಓಡಿದಳು. ವಿಬೋಲ್ ಚೀಲ ಹಿಡಿದು ನಿಂತಿದ್ದ.

"ನಂಗೆ ವಾಸನೇನೇ ಬರಲ್ಲ!"

ಜನ ತಿರುಗಿ ನೋಡಿದರು. ನೋಡಲಿ!

"ಮೂಗಲ್ಲಿ ದುರ್ಮಾಂಸ ಇದೆ, ತೆಗೆಸಿದ್ರೂ ಬೆಳೆಯತ್ತೆ. ಅವತ್ತು ಮೂಗು ಮುಚ್ಕೊಳ್ಳದೇ ಇದ್ದಿದ್ದು ಒಳ್ಳೆಯವಳು ಅಂತಲ್ಲ... ನಿಮಗೆ ಮೋಸ ಮಾಡ್ಬಿಟ್ಟೆ."

ಅವನು ಚೀಲ ಹಿಡಿದೇ ಅವಳ ಹತ್ತಿರ ಬಂದ.

"ಅಂದ್ರೆ, ನಾನು ಹೇಗೆ ನಾರ್ತೀನಿ ಅಂತಾನೇ ಗೊತ್ತಿಲ್ಲ ನಿಂಗೆ?"

"ಇಲ್ಲ."

"ಮೂಗು ಸರಿಹೋಗಲ್ವಾ?"

"ಡಾಕ್ಟರೂ ಗ್ಯಾರಂಟಿ ಕೊಡಲ್ಲ..."

"ಮತ್ತೆ ದಿನಾ ಅಂಗಡಿಗೆ ಯಾಕೆ ಬರ್ತಿದ್ದೆ?"

"ನೀವು ಇರ್ತೀರಲ್ಲ... ಅದಕ್ಕೆ."

ವ್ಯಾನಿನವನು ಹಾರನ್ ಮೇಲೆ ಹಾರನ್ ಹೊಡೆದ. ವಿಬೋಲ್ ಚೀಲ ಕೆಳಗಿಟ್ಟು, ಅವಳ ಮುಂದೆ ಬಾಗಿದ. ದಾವಿ ಅವನ ಕೆನ್ನೆಗೆ ಮೂಗೊತ್ತಿದಳು. ಎದೆ ಸುಂಯ್‌ಗುಟ್ಟಿತು, ಗಂಟಲು ಗೊರಗುಟ್ಟಿತು. ಅವನು ಅಲ್ಲಾಡಲಿಲ್ಲ.

"ಏನಾದ್ರೂ ಗೊತ್ತಾಯ್ತಾ?"

"ವಾಸನೆ ಇಲ್ಲ... ಕೆನ್ನೆ ಒದ್ದೆಯಾಗಿದೆ, ಅಷ್ಟೇ."

"ಬಾಯಲ್ಲೇ ಉಸಿರಾಡು. ನಿಧಾನ... ನಾನೆಲ್ಲೂ ಹೋಗಲ್ಲ."