ಚುಕ್ಕೆ ಗುರುತಿನ ಪ್ರಶ್ನೆಗೆ ಶಿವಕೃಷ್ಣನ ಉತ್ತರ

"ಸಿಸ್ಟರ್, ಹೋದ ಸಲದ ಹಾಗೆ ಈ ಸಲವೂ ಹಲ್ಲೆಯ ಲೆಕ್ಕ ನಿಲ್, ಸೊನ್ನೆ ಅಂತ ಬರೆಯುವುದಲ್ವಾ?"

ಕೇಳಿದ್ದೇ ತಪ್ಪಾಯಿತು. ಫೋನಿನ ಆ ಬದಿಯಿಂದ ಶ್ರೀಪ್ರಿಯಾ ತಿರುಗಿ ಕೇಳಿದಳು.

"ಹೋದ ಸಲ ನಿಲ್ ಹೋಗಿದೆಯಾ?"

ಶಿವಕೃಷ್ಣನ ಮಾತು ಬಾಯಿಯಿಂದ ಜಾರಿ ಆಗಿತ್ತು, ಇನ್ನು ನುಂಗುವ ಹಾಗಿರಲಿಲ್ಲ.

ಅವನು ಬೆಳ್ತಂಗಡಿ ಕಡೆಯ ಒಂದು ಆರೋಗ್ಯ ಕಚೇರಿಯಲ್ಲಿ ಗುಮಾಸ್ತ, ಅವಳು ಮೂಡುಬಿದಿರೆ ರಸ್ತೆಯ ಒಂದು ಸಣ್ಣ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ವಿಧಾನಸಭೆಯ ಅಧಿವೇಶನ ಬಂತೆಂದರೆ ಗುಮಾಸ್ತರ ಜೀವ ಹಿಂಡಿ ಹೋಗುತ್ತದೆ. ಶಾಸಕರೊಬ್ಬರು ಚುಕ್ಕೆ ಗುರುತಿನ ಪ್ರಶ್ನೆ ಕೇಳುತ್ತಾರೆ, ಮಂತ್ರಿಗಳು ಸದನದಲ್ಲಿ ನಿಂತು ಉತ್ತರಿಸಬೇಕು. ಆ ಉತ್ತರ ಹುಟ್ಟುವುದು ಮಾತ್ರ ಇಂಥ ಕಚೇರಿಗಳ ಹರಕು ಕುರ್ಚಿಗಳಲ್ಲಿ, ಅದೂ ಮಧ್ಯಾಹ್ನ ಮೂರು ಗಂಟೆಯೊಳಗೆ. ಎರಡು ವರ್ಷದಿಂದ ಶಿವಕೃಷ್ಣ ಅವಳಿಗೆ ಫೋನ್ ಮಾಡಿ ಜ್ವರ ಎಷ್ಟು, ಹೆರಿಗೆ ಎಷ್ಟು, ನಾಯಿ ಕಚ್ಚಿದ್ದು ಎಷ್ಟು ಎಂದು ಕೇಳುತ್ತಿದ್ದ. ಕೇಳುತ್ತಾ ಕೇಳುತ್ತಾ "ಊಟ ಆಯ್ತಾ?" ಬಂತು. ಆಮೇಲೆ ಅಧಿವೇಶನ ಇಲ್ಲದಾಗಲೂ ಫೋನ್ ಹೋಗತೊಡಗಿತು. ನಾಯಿ ಕಡಿತದ ಲೆಕ್ಕ ಕೇಳಿ ಪ್ರೀತಿಗೆ ಬಿದ್ದ ಗಂಡಸು ಈ ಜಿಲ್ಲೆಯಲ್ಲಿ ಇವನೊಬ್ಬನೇ ಇರಬೇಕು! ಮೂವತ್ತಾರು ವರ್ಷ ಆಗಿತ್ತು, ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

"ನನ್ನ ಕೆನ್ನೆಗೆ ಹೊಡೆದದ್ದು ಯಾವ ಲೆಕ್ಕದಲ್ಲಿ ಹೋಯ್ತು ಹಾಗಾದರೆ?" ಶ್ರೀಪ್ರಿಯಾ ಕೇಳಿದಳು. "ಮಾರ್ಚಿನಲ್ಲಿ ದೂರು ಬರೆದು ನಿಮ್ಮ ಕಚೇರಿಗೇ ಕಳಿಸಿದ್ದೆ."

ಕಳಿಸಿದ್ದಳು. ಆಂಬ್ಯುಲೆನ್ಸ್ ತಡವಾಯಿತೆಂದು ರೋಗಿಯ ಕಡೆಯವನೊಬ್ಬ ಅವಳ ಕೆನ್ನೆಗೆ ಬಾರಿಸಿದ್ದ. ಮೇಲಿನವರು ಸೇರಿ ರಾಜಿ ಮಾಡಿಸಿದರು, ಪೊಲೀಸ್ ಕೇಸು ಆಗಲಿಲ್ಲ. ದೂರಿಗೆ ಸೀಲು ಒತ್ತಿ ಫೈಲಿಗೆ ಹಾಕಿದವನು ಶಿವಕೃಷ್ಣನೇ. ಅದಾಗಿ ಹೋದ ಅಧಿವೇಶನದಲ್ಲಿ ಪ್ರಶ್ನೆ ಬಂತು, ಈ ಸಲ ಪುನಃ ಬಂದದ್ದೂ ಅದೇ: ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆ ಎಷ್ಟು, ದಾಖಲಾದ ಕೇಸು ಎಷ್ಟು, ಶಿಕ್ಷೆ ಎಷ್ಟು? ಹಲ್ಲೆ ಒಂದು, ಕೇಸು ಸೊನ್ನೆ ಎಂದು ಬರೆದರೆ ಕಾಲಂ ಹೊಂದುವುದಿಲ್ಲ, ಯಾಕೆಂದು ಕೇಳಿ ಮೇಲಿನಿಂದ ಫೋನ್ ಬರುತ್ತದೆ. ಹಾಗಾಗಿ ಕಚೇರಿಯ ರೂಢಿಯಂತೆ ಮೂರೂ ಕಾಲಮಿಗೆ ಸೊನ್ನೆ ಎಳೆದಿದ್ದ. ಯಾರ ದೂರೆಂದು ಗೊತ್ತಿದ್ದೇ ಎಳೆದಿದ್ದ.

"ಕೇಸು ಆಗಿರಲಿಲ್ಲ ಅಲ್ವಾ, ಹಾಗೆ..."

"ನನ್ನ ದೂರು ಅಸೆಂಬ್ಲಿಗೆ ಹೋಗಿದೆ ಅಂತ ಅಪ್ಪನಿಗೆ ಹೇಳಿದ್ದೆ ನಾನು. ಅವರು ನಮ್ಮ ಊರು ಪುತ್ತಿಗೆ ಇಡೀ ಹೇಳಿದ್ದಾರೆ." ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸ ಇತ್ತು. "ಬೇರೆಯವರು ಬರೆದಿದ್ದರೆ ಬೇಜಾರಿರ್ಲಿಲ್ಲ. ಬರೀರಿ, ನಿಲ್ ಅಂತಲೇ ಬರೀರಿ. ಇನ್ನು ಫೋನ್ ಮಾತ್ರ ಮಾಡ್ಬೇಡಿ."

ಗಂಟೆ ಒಂದೂವರೆ. ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ.

"ಒಂದು ಅಂತ ಬರೀತೇನೆ ಸರ್," ಎಂದು ಶಿವಕೃಷ್ಣ ಸೂಪರಿಂಟೆಂಡೆಂಟ್ ಹೇಮರಾಜರ ಎದುರು ನಿಂತು ಹೇಳಿದ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವರು ಹೇಮರಾಜರು. ಕನ್ನಡಕ ತೆಗೆದಿಟ್ಟರು.

"ನಿಂಗೆ ಮರ್ಲಾ ಮಾರಾಯ, ತಲೆ ಸರಿ ಉಂಟಾ? ಹೋದ ಸಲ ನಿಲ್ ಕೊಟ್ಟು ಈಗ ಒಂದು ಅಂದ್ರೆ ಸದನಕ್ಕೆ ಸುಳ್ಳು ಹೇಳಿದ ಹಾಗೆ. ಹಲ್ಲೆಗೆ ಶಿಕ್ಷೆ ಹೆಚ್ಚು ಮಾಡುವ ಮಸೂದೆ ಚರ್ಚೆಗೆ ಬರುವ ಹೊತ್ತು, ಎಲ್ಲರ ಕಣ್ಣು ಇದರ ಮೇಲೆಯೇ ಉಂಟು. ನೋಟಿಸು ಬರ್ತದೆ. ಬಡ್ತಿ ಪಟ್ಟಿಯಲ್ಲಿ ನಿನ್ನದೇ ಮೊದಲ ಹೆಸರು, ಗೊತ್ತುಂಟಾ?"

"ಗೊತ್ತುಂಟು ಸರ್. ತಪ್ಪು ನನ್ನದು ಅಂತ ನಾನೇ ಬರೆದು ಸಹಿ ಹಾಕ್ತೇನೆ."

ಹನ್ನೊಂದು ವರ್ಷ ಆ ಬಡ್ತಿಗಾಗಿ ಕಾದಿದ್ದ. ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಅವಳು ಇನ್ನು ಫೋನ್ ಎತ್ತುವುದಿಲ್ಲ ಎಂಬುದನ್ನು ನೆನೆಸಿದರೆ ಆ ಕುರ್ಚಿಯೂ ಬೇಡ, ಸಂಬಳವೂ ಬೇಡ ಅನಿಸುತ್ತಿತ್ತು.

"ನಿನ್ನ ಹಣೆಬರಹ," ಎಂದು ಹೇಮರಾಜರು ಮೂರಕ್ಕೆ ಐದು ನಿಮಿಷ ಇರುವಾಗ ಉತ್ತರವನ್ನು ಮೇಲೆ ಕಳಿಸಿದರು.

ನಾಲ್ಕನೆಯ ದಿನ ಪ್ರಶ್ನೆ ಸದನಕ್ಕೆ ಬರುವುದಿತ್ತು. ಶಿವಕೃಷ್ಣ ರಜೆ ಹಾಕಿ ಬಸ್ಸು ಹತ್ತಿದ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಶ್ರೀಪ್ರಿಯಾ ರಾತ್ರಿ ಪಾಳಿ ಮುಗಿಸಿ ಕೂತಿದ್ದಳು. "ಒಂದು ಕಾಗದ ತೋರಿಸ್ಲಿಕ್ಕುಂಟು, ಐದು ನಿಮಿಷ ಸಾಕು" ಎಂದು ಅವನು ಮೆಸೇಜು ಮಾಡಿದ್ದ. ಬರಲಿಕ್ಕಿಲ್ಲ ಎಂದುಕೊಂಡಿದ್ದ, ಬಂದಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು, ಹೆರಳು ಅರ್ಧ ಬಿಚ್ಚಿತ್ತು. ಇಷ್ಟು ಚೆಂದದ ಮುಖಕ್ಕೆ ಹೊಡೆಯಲು ಮನಸ್ಸಾದರೂ ಹೇಗೆ ಬಂತೋ!

ಅವಳು ನೋಡಿದಳೆಂದು ಅವನು ತಟ್ಟನೆ ಕಣ್ಣು ತಗ್ಗಿಸಿದ. ಅವಳ ತುಟಿಯ ಅಂಚು ಒಮ್ಮೆ ಅಲುಗಿತು.

"ಮುಖ ನೋಡ್ಲಿಕ್ಕೆ ಬಂದದ್ದಾ, ಕಾಗದ ತೋರಿಸ್ಲಿಕ್ಕಾ?"

ಅವನು ಮೊಬೈಲನ್ನು ಮೇಜಿನ ಮೇಲೆ ಒರಗಿಸಿ ಸದನದ ನೇರ ಪ್ರಸಾರ ಹಚ್ಚಿದ. ಅಷ್ಟರಲ್ಲಿ ಯಾವುದೋ ಬೇರೆ ವಿಷಯಕ್ಕೆ ಗಲಾಟೆ ಎದ್ದಿತ್ತು. ಒಂದಷ್ಟು ಮಂದಿ ಸದನದ ಬಾವಿಗಿಳಿದು ಕೂಗಿದರು, ಇನ್ನೊಂದಷ್ಟು ಮಂದಿ ತಿರುಗಿ ಕೂಗಿದರು. ಸಭಾಧ್ಯಕ್ಷರು ಉಳಿದ ಉತ್ತರಗಳನ್ನು ಮಂಡಿಸಲಾಗಿದೆ ಎಂದು ಭಾವಿಸಿ ಸದನವನ್ನು ಮುಂದೂಡಿಬಿಟ್ಟರು. ಹನ್ನೊಂದು ವರ್ಷ ಕಾದ ಬಡ್ತಿಯನ್ನು ಪಣಕ್ಕಿಟ್ಟು ಬರೆದ ಉತ್ತರವನ್ನು ಯಾರೂ ಓದಲಿಲ್ಲ, ಯಾರೂ ಕೇಳಲಿಲ್ಲ.

ಶಿವಕೃಷ್ಣನಿಗೆ ಅಳು ಬರುವುದೊಂದು ಬಾಕಿ. ಸುಮ್ಮನೆ ಚೀಲದಿಂದ ಕಚೇರಿ ಪ್ರತಿಯನ್ನು ತೆಗೆದು ಅವಳ ಮುಂದೆ ಇಟ್ಟ.

ಹಲ್ಲೆ: ಒಂದು. ಕೇಸು: ಇಲ್ಲ. ಶಿಕ್ಷೆ: ಇಲ್ಲ. ದೂರು ಕಚೇರಿಗೆ ಬಂದಿದ್ದರೂ ಹಿಂದಿನ ಅಧಿವೇಶನದಲ್ಲಿ ಅದನ್ನು ಮರೆಮಾಚಿದ್ದು ನನ್ನದೇ ತಪ್ಪು. ಕೆಳಗೆ ಸಹಿ.

ಅವಳು ಓದಿದಳು. ಮತ್ತೊಮ್ಮೆ ಮೊದಲಿನಿಂದ ಓದಿದಳು. ಚಹಾ ತಣಿಯಿತು.

"ನೋಟಿಸು ಬರ್ತದಲ್ವಾ ನಿಮಗೆ?"

"ನಿನ್ನೆಯೇ ಬಂತು. ಬಡ್ತಿಯೂ ಹೋಯ್ತು."

"ಅಲ್ಲಿ ಯಾರೂ ಓದ್ಲೇ ಇಲ್ಲ ಮಾರಾಯ್ರೆ!"

"ಅಲ್ಲಿಯವರು ಓದ್ಲಿ ಅಂತ ಬರೆದದ್ದಲ್ಲ." ಅವನು ಕಣ್ಣೆತ್ತಿ ಅವಳನ್ನೇ ನೋಡಿದ. "ನೀವು ಓದ್ಲಿ ಅಂತ. ನನಗೆ ನಿಮ್ಮ ಮೇಲೆ ಪ್ರೀತಿ ಉಂಟು ಶ್ರೀಪ್ರಿಯಾ. ಎರಡು ವರ್ಷ ಆಯ್ತು."

ಸಿಸ್ಟರ್ ಅನ್ನದೆ ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ತನ್ನ ಬ್ಯಾಗಿನೊಳಗೆ ಇಟ್ಟಳು.

"ಅದು ಕಚೇರಿ ಪ್ರತಿ," ಎಂದ ಅವನು, ಗುಮಾಸ್ತನ ಬುದ್ಧಿ ಎಲ್ಲಿ ಹೋದೀತು.

"ಇರ್ಲಿ. ಅಪ್ಪನಿಗೆ ತೋರಿಸ್ಲಿಕ್ಕುಂಟು," ಎಂದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. "ಪುತ್ತಿಗೆಗೆ ಈಗೊಂದು ಬಸ್ಸು ಉಂಟು. ಏಳಿ, ಒಟ್ಟಿಗೆ ಹೋಗುವ."