ಡೆಮೊ ಆಟದ ಮನೆಯ ಹೆಂಗಸು

೨೦೦೧ರ ಮೇ ತಿಂಗಳ ಮಧ್ಯಾಹ್ನ. ನಾಗಪುರದ ನಮ್ಮ ಕ್ವಾರ್ಟರ್ಸ್‌ನಲ್ಲಿ ನಾನು, ಮೊಮ್ಮಗಳು ಧೃತಿ ಇಬ್ಬರೇ ಇದ್ದೆವು. ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿ ಹೊಸ ಆಟಗಳ ಡೆಮೊಗಳು, ಅಂದರೆ ಆಡಿ ನೋಡಲು ಕೊಡುವ ತುಣುಕುಗಳು, ಇದ್ದವು. ಕೂಲರನ್ನು ನನ್ನ ಕಡೆ ತಿರುಗಿಸಿ, ಅವಳು ಒಂದೊಂದನ್ನೇ ಆಡಿ ತೀರ್ಪು ಕೊಡುತ್ತಿದ್ದಳು.

"ಕಾರಿಂದು ಬಕ್ವಾಸ್. ವಿಮಾನದ್ದು ಚಲೋ ಐತಿ. ಅಜ್ಜಿ, ಇದು ಭೂತದ ಮನಿ, ಅಂಜಬ್ಯಾಡ ಮತ್ತ!"

ಪರದೆಯ ಮೇಲಿನ ಪಾಳುಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಬೆನ್ನು ತಿರುಗಿಸಿ ನಿಂತಿದ್ದಳು. ಹೊರಟು ನಿಂತವಳಂತೆ ಕಂಡಳು. ಬಂದ ಹೆಣ್ಣುಮಕ್ಕಳನ್ನು ಹಾಗೇ ಕಳಿಸಿ ಗೊತ್ತಿಲ್ಲದ ನನ್ನ ಬಾಯಿಂದ ಮಾತು ಬಂದೇಬಿಟ್ಟಿತು: "ತಡೀರಿ, ಕುಂಕುಮ ಹಚ್ಚಿಕೊಂಡು ಹೋಗ್ರಿ."

"ಅಜ್ಜಿ, ಅಕಿ ಕಂಪ್ಯೂಟರಿನ್ಯಾಗ ಅದಾಳ!" ಎಂದು ನಕ್ಕ ಧೃತಿ ತಟ್ಟನೆ ಮೌಸಿನಿಂದ ಕೈ ತೆಗೆದಳು. ಹೆಂಗಸು ನಮ್ಮ ಕಡೆ ತಿರುಗುತ್ತಿದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು.

ಕೂಲರು ನಿಂತರೂ ಕೋಣೆ ತಣ್ಣಗಾಗುತ್ತಲೇ ಹೋಯಿತು. ಬಿಸಿಲಿಗೆಂದು ಕಿಟಕಿ ಮುಚ್ಚಿದ್ದರಿಂದ ಒಳಗೆಲ್ಲ ಕತ್ತಲು; ನಾನು ತಡವರಿಸುತ್ತ ಅದನ್ನು ತೆರೆಯಲು ಎದ್ದೆ. ಹಿಂದಿನಿಂದ ಧೃತಿಯ ಸಣ್ಣ ದನಿ ಕೇಳಿತು: "ಅಜ್ಜಿ, ನಿನ್ನ ಕೈ ಯಾಕಿಷ್ಟು ತಣ್ಣಗ ಐತಿ?"

ಕಿಟಕಿ ತೆರೆದು ತಿರುಗಿದೆ. ಧೃತಿಯ ಹಣೆಯ ಮೇಲೆ ಹಸಿ ಕುಂಕುಮವಿತ್ತು.

ಕುಂಕುಮ ಪಡೆದವರು ಮನೆಯವರಿಗೂ ಹಚ್ಚಿ ಹೋಗುವುದು ನಮ್ಮಲ್ಲಿ ರೂಢಿ. ಆದರೆ ನಾನು ಆಕೆಗೆ ಇನ್ನೂ ಕೊಟ್ಟಿರಲೇ ಇಲ್ಲ.