ಹನಿ ಬೀಳಿಸದ ಕೈ

ಬುಧವಾರ ಬೆಳಗ್ಗೆ ಎಂಟೂವರೆಗೆ ಡೊಂಬಿವಲಿಯ ಠಾಣೆಗೆ ಬಂದ ಸರ್ವೋತ್ತಮ ಶೆಣೈ ಕುರ್ಚಿ ಕೊಟ್ಟರೂ ಕೂರಲಿಲ್ಲ. ಪ್ರಯೋಗಾಲಯದಲ್ಲಿ ರಕ್ತದ ಮಾದರಿಯನ್ನು ಕೊಳವೆಯಿಂದ ಕೊಳವೆಗೆ ತಾನಾಗಿಯೇ ಹಾಕುವ ಯಂತ್ರವನ್ನು ಕಟ್ಟಿದವರು ಅವರು. ಈಗ ಅದರ ತೋಳೇ ಮಾಯವಾಗಿತ್ತು.

“ಶುಕ್ರವಾರ ನವಿ ಮುಂಬಯಿಯ ಆಸ್ಪತ್ರೆಯವರಿಗೆ ತೋರಿಸ್ಲಿಕ್ಕುಂಟು, ಮೇಡಂ. ತೋಳಿಲ್ಲದಿದ್ರೆ ಆರು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ!”

ಇನ್‌ಸ್ಪೆಕ್ಟರ್ ಮಲ್ಲಿಕಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಜೈಭೀಮನೊಂದಿಗೆ ಅವರ ವರ್ಕ್‌ಶಾಪಿಗೆ ಹೋಗಿ ಸ್ಥಳ ಪಂಚನಾಮೆ ಮಾಡಿದಳು. ಬೀಗ ಮುರಿದಿರಲಿಲ್ಲ. ಲ್ಯಾಪ್‌ಟಾಪ್ ಇದ್ದಲ್ಲೇ ಇತ್ತು. ತೋಳು ಬಿಚ್ಚಿದವರು ಸ್ಕ್ರೂಗಳನ್ನು ಬಟ್ಟಲಲ್ಲಿ ಜೋಪಾನವಾಗಿ ಹಾಕಿಟ್ಟಿದ್ದರು. ಇಷ್ಟು ಮರ್ಯಾದಸ್ಥ ಕಳ್ಳನನ್ನು ಮಲ್ಲಿಕಾ ತನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ.

“ಚಾವಿ ಎಷ್ಟದಾವ್ರೀ?”

“ಎರಡು. ಒಂದು ನನ್ನತ್ರ. ಇನ್ನೊಂದು ಕಿಟ್ಟಣ್ಣನ ಹೋಟೆಲಿನ ಗಲ್ಲಾದಲ್ಲಿ. ಈ ಓಣಿಯವರೆಲ್ಲ ಅಲ್ಲೇ ಇಡುದು.”

“ಅವರ ಮ್ಯಾಲೆ ಅನುಮಾನ?”

“ಛೆ, ಛೆ! ದೇವರಂಥ ಮನುಷ್ಯ.”

ಸರ್ವೋತ್ತಮರು ಮೊಬೈಲಿನಲ್ಲಿ ತೋಳಿನ ವೀಡಿಯೋ ತೋರಿಸಿದರು. ಇನ್ನೂ ರಕ್ತ ಮುಟ್ಟಿಸಿರಲಿಲ್ಲ, ಬಣ್ಣದ ನೀರಿನ ಪರೀಕ್ಷೆ ಮಾತ್ರ. ನೀರು ಹಾಕಿ ಮೇಲೇಳುವ ಮುನ್ನ ತೋಳು ಮಣಿಕಟ್ಟನ್ನು ತುಸು ಎಡಕ್ಕೆ ತಿರುಗಿಸುತ್ತಿತ್ತು. ಒಂದು ಹನಿಯೂ ಆಚೆ ಬೀಳುತ್ತಿರಲಿಲ್ಲ.

“ಹಿಂಗ ತಿರುಗಿಸೂದು ಎಲ್ಲಿ ಕಲ್ತ್ರಿ?”

“ಕಿಟ್ಟಣ್ಣನ ಕೈ ನೋಡಿ. ದೋಸೆ ಹುಯ್ದು ಸೌಟು ಎತ್ತುವಾಗ ಅವರದ್ದು ಹೀಗೇ. ವೀಡಿಯೋ ಮಾಡಿ ಯಂತ್ರಕ್ಕೆ ಅದನ್ನೇ ಕಲಿಸಿದೆ. ಈಗ ಲ್ಯಾಪ್‌ಟಾಪೂ ಬೇಡ, ಸ್ವಿಚ್ ಹಾಕಿದ್ರೆ ತೋಳು ತಾನೇ ಮಾಡ್ತದೆ.” ಅವರ ದನಿ ಇಳಿಯಿತು. “ಪಾಪ, ಈಗ ಅವರ ಕೈ ನಡುಗ್ತದೆ. ಸೌಟು ಬಿಟ್ಟು ಗಲ್ಲಾದಲ್ಲಿ ಕೂತಿದ್ದಾರೆ.”

ಮಲ್ಲಿಕಾ ಜೈಭೀಮನ ಮುಖ ನೋಡಿದಳು. “ನಡೀಪಾ, ನಾಷ್ಟಾ ಮಾಡೂಣು.”

ಹೋಟೆಲಿನ ಗಲ್ಲಾದಲ್ಲಿ ಯಾರೂ ಇರಲಿಲ್ಲ. ದೋಸೆ ಕೇಳಿದರೆ ವೇಟರ್ ತಂದಿಟ್ಟದ್ದು ರೂಪಾಯಿಯಗಲದ ಪುಟ್ಟ ಪುಟ್ಟ ದೋಸೆಗಳು, ಎಲ್ಲವೂ ಒಂದೇ ಅಳತೆ.

“ಸೇಠ್ ಬೆಳಗ್ಗೆಯಿಂದ ಇದನ್ನೇ ಮಾಡ್ತಿದ್ದಾರೆ. ಪುಕ್ಕಟೆ!” ಎಂದು ಅವನು ನಕ್ಕ.

ಸಾಕ್ಷ್ಯವನ್ನು ಜೈಭೀಮ ಚಟ್ನಿ ಹಚ್ಚಿಕೊಂಡು ತಿಂದು ಮುಗಿಸಿದ. ಮಲ್ಲಿಕಾ ನೇರ ಅಡುಗೆಮನೆಗೆ ನಡೆದಳು.

ಕಾವಲಿಯ ಪಕ್ಕ ತೋಳು ಕೆಲಸದಲ್ಲಿತ್ತು. ಕೊಳವೆಗೆಂದು ಕಟ್ಟಿದ್ದಲ್ಲವೇ, ಒಮ್ಮೆಗೆ ಚಮಚದಷ್ಟೇ ಹಿಟ್ಟು ಹುಯ್ದು, ಮಣಿಕಟ್ಟು ತಿರುಗಿಸಿ ಮೇಲೇಳುತ್ತಿತ್ತು. ಎದುರಿಗೆ ಸ್ಟೂಲಿನಲ್ಲಿ ಕೂತಿದ್ದ ಕಿಟ್ಟಣ್ಣನವರ ಮುಖದಲ್ಲಿ ಹಬ್ಬದ ಕಳೆಯಿತ್ತು.

“ನೀವ ತಂದ್ರೇನ್ರಿ?”

“ಹೌದು. ಸಂಜೆ ವಾಪಸ್ ಇಡುವಾ ಅಂತಿದ್ದೆ.”

“ಕೇಳಿದ್ರ ಅವರು ಕೊಡ್ತಿರಲಿಲ್ಲೇನು?”

“ಕೇಳ್ಲಿಕ್ಕೆ ನಾಚಿಕೆ ಆಯ್ತು ಮೇಡಂ. ನಡುಗದೆ ನನ್ನ ಕೈ ಹುಯ್ಯುದನ್ನು ಇನ್ನೊಮ್ಮೆ ನೋಡ್ಬೇಕಿತ್ತು.”

ತೋಳು ಇನ್ನೊಂದು ದೋಸೆ ಹುಯ್ದು ಮುಗಿಸುವವರೆಗೆ ಮಲ್ಲಿಕಾ ಕಾದಳು. ಆದರೆ ಎಫ್‌ಐಆರ್ ಆಗಿಹೋಗಿತ್ತು. ಹನ್ನೊಂದೂಕಾಲಿಗೆ ಜಪ್ತಿ ಪಂಚನಾಮೆ ಮುಗಿಸಿ ಕಿಟ್ಟಣ್ಣನವರನ್ನು ಬಂಧಿಸಿದಳು. ಜೀಪು ಹತ್ತುವ ಮುನ್ನ ಅವರು ತೋಳನ್ನು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿಕೊಟ್ಟರು.

ಗುರುವಾರ ಕಲ್ಯಾಣದ ಕೋರ್ಟು ತೋಳನ್ನು ಸರ್ವೋತ್ತಮರಿಗೆ ಒಪ್ಪಿಸಿತು. ಆರೋಪಿಗೆ ಜಾಮೀನು ಕೊಟ್ಟಿತು. ಜಾಮೀನುದಾರರು ಯಾರೆಂದು ಕೇಳಿದಾಗ ಎದ್ದು ನಿಂತದ್ದು ದೂರು ಕೊಟ್ಟವರೇ. ಇಂಥದ್ದನ್ನೂ ಮಲ್ಲಿಕಾ ಕಂಡಿರಲಿಲ್ಲ. ಅವಳಿಗೆ ಬಹಳ ಸಂತೋಷವಾಯಿತು.

“ನಾಳೆ ನವಿ ಮುಂಬಯಿಗೆ ನೀವೂ ಬರ್ಬೇಕು ಕಿಟ್ಟಣ್ಣ,” ಎಂದರು ಸರ್ವೋತ್ತಮರು ವರಾಂಡದಲ್ಲಿ. “ಇದು ಯಾರ ಕೈಯಂತ ಡಾಕ್ಟರು ಕೇಳಿದ್ರೆ ತೋರಿಸ್ಲಿಕ್ಕೆ ನೀವು ಬೇಡವಾ?”

ಕಿಟ್ಟಣ್ಣನವರು ನಡುಗುವ ಕೈಯಿಂದ ಅವರ ಕೈ ಹಿಡಿದುಕೊಂಡರು. ಬಿಡಿಸಿಕೊಳ್ಳಲು ಸರ್ವೋತ್ತಮರಿಗೂ ಅವಸರವಿರಲಿಲ್ಲ.